ಬಾಡಿಗೆ ನಮಗೆ, ಕಾವಲು ಪೊಲೀಸರಿಗೆ

ನಿನ್ನೆ ರಾತ್ರಿ ಕಾಸರಗೋಡಿನ ಬದಿಯಡ್ಕದ ಹತ್ತಿರ ಅಕ್ಕನ ಮನೆಯಲ್ಲಿ ಊಟಕ್ಕೆ ಕುಳಿತಾಗ, ಮೇಲಾರ ಬಡಿಸುವ ಹೊತ್ತಿಗೆ ಆರಂಭವಾದ ಊರಿನ ಭದ್ರತೆಯ ಚರ್ಚೆ ಪಾಯಸ ಮುಗಿದರೂ ನಿಲ್ಲಲಿಲ್ಲ. ಪೇಟೆ ಬದಿಯ ಬಾಡಿಗೆ ಕ್ವಾರ್ಟರ್ಸ್‌ಗಳಲ್ಲಿ ಹೊರರಾಜ್ಯಗಳಿಂದ ಕೂಲಿಗೆಂದು ಯಾರು ಯಾರೋ ಬಂದು ತುಂಬಿಕೊಂಡಿದ್ದಾರೆ, ಊರವರ ಜೊತೆ ಸೇರಿ ಕೆಲಸ ಮಾಡುವ ಜನಮೈತ್ರಿ ಪೊಲೀಸರು ತಿಂಗಳಿಗೊಮ್ಮೆಯಾದರೂ ಬಂದು ತಪಾಸಣೆ ಮಾಡಬೇಡವೇ ಎಂದು ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಕೇಳಿದವರು ನಮ್ಮ ಭಾವ. ಆ ಕ್ವಾರ್ಟರ್ಸ್‌ಗಳಲ್ಲಿ ಒಂದು ಸಾಲು ಅವರದೇ ಎಂಬುದು ಪಂಕ್ತಿಯಲ್ಲಿದ್ದ ಎಲ್ಲರಿಗೂ ತಿಳಿದಿತ್ತು, ಬಾಯಿಬಿಟ್ಟವನು ನಾನೊಬ್ಬನೇ. ಅಕ್ಕ ನನ್ನ ಎಲೆಗೆ ಎರಡನೆಯ ಸಲ ಪಾಯಸ ಬಡಿಸಲಿಲ್ಲ.

ಆ ಸಾಲನ್ನು ನಾನು ಕಂಡಿದ್ದೇನೆ. ಸಿಮೆಂಟ್ ಶೀಟಿನ ಮಾಡು, ಒಂದೊಂದು ಕೋಣೆಗೆ ಐದಾರು ಮಂದಿ, ಎಲ್ಲರಿಗೂ ಸೇರಿ ಹಿಂಬದಿಯಲ್ಲಿ ಒಂದೇ ಕಕ್ಕಸು, ಅದರ ಬಾಗಿಲಿಗೆ ಚಿಲಕದ ಜಾಗದಲ್ಲಿ ಹಗ್ಗದ ತುಂಡು. ಬಾಡಿಗೆ ಕೋಣೆಗಲ್ಲ, ತಲೆಗೆ. ಕರಾರುಪತ್ರವಿಲ್ಲ, ರಶೀದಿಯೂ ಇಲ್ಲ. ಬಂದವರು ಒಡಿಶಾದವರೋ ಅಸ್ಸಾಮಿನವರೋ ಬಿಹಾರದವರೋ ಭಾವನಿಗೆ ಗೊತ್ತಿಲ್ಲ. ಅವರ ಲೆಕ್ಕದಲ್ಲಿ ಎಲ್ಲರೂ ಬಂಗಾಳಿಗಳು. ತಿಂಗಳ ಮೊದಲ ವಾರ ಹಣ ಎಣಿಸಿಕೊಳ್ಳುವಾಗ ಇವರು ಕೇಳದ ಹೆಸರನ್ನು ಪೊಲೀಸರು ಬಂದು ಕೇಳಬೇಕಂತೆ!

ಕೇರಳದಲ್ಲಿ 2008ರಲ್ಲಿ ಜನಮೈತ್ರಿ ಯೋಜನೆ ಆರಂಭವಾದದ್ದು ಬೀಟ್ ಪೊಲೀಸರು ಮನೆಮನೆಗೆ ಹೋಗಿ ಜನರ ಪರಿಚಯ ಮಾಡಿಕೊಳ್ಳಲಿ, ಊರವರ ಸಮಿತಿ ಅವರ ಜೊತೆ ಕುಳಿತು ಮಾತಾಡಲಿ ಎಂಬ ಉದ್ದೇಶದಿಂದ. ಕ್ವಾರ್ಟರ್ಸ್‌ನಲ್ಲಿರುವವನೂ ಆ ಬೀಟಿನ ನಿವಾಸಿಯೇ. ಕೂಲಿ ಹಿಡಿದಿಟ್ಟ ಮೇಸ್ತ್ರಿಯ ಮೇಲೆ ದೂರು ಹೇಳಲು ಅವನಿಗೂ ಅದೇ ಪೊಲೀಸರು ಬೇಕು. ಆದರೆ ನಮ್ಮವರು ಬಯಸುವ ಸಭೆಯಲ್ಲಿ ಕುರ್ಚಿಯಿರುವುದು ಮಾಲೀಕರಿಗೆ ಮಾತ್ರ. ಬಾಡಿಗೆಯವರು ಅಲ್ಲಿ ಚರ್ಚೆಯ ವಿಷಯ.

ಕಳೆದ ವರ್ಷ ಅಡಕೆ ಕಳವಾಗಲಿಲ್ಲವೇ ಎಂದು ಮಾವ ಕೇಳಿದರು. ಆಯಿತು, ಯಾರು ಇಲ್ಲವೆಂದರು? ಕಳವಾದರೆ ತನಿಖೆ ನಡೆಯಲೇಬೇಕು. ಆದರೆ ಅಂಗಳದಿಂದ ಚೀಲ ಹೊತ್ತವರು ಊರಿನವರೇ ಎಂದು ಆಮೇಲೆ ತಿಳಿದಾಗ ಆ ಸುದ್ದಿಯನ್ನು ಯಾರೂ ಊಟದ ಹೊತ್ತಿಗೆ ಎತ್ತಲಿಲ್ಲ.

ವಲಸೆ ಕಾರ್ಮಿಕರನ್ನು ಕರೆತರುವ ಗುತ್ತಿಗೆದಾರ ಅವರಿಗೆ ತಕ್ಕ ವಸತಿ ಒದಗಿಸಬೇಕೆಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಪಾಲಕ್ಕಾಡಿನ ಕಂಜಿಕ್ಕೋಡಿನಲ್ಲಿ 2019ರಲ್ಲಿ ಅಂಥವರಿಗಾಗಿಯೇ ‘ಅಪ್ನಾ ಘರ್’ ಎಂಬ ವಸತಿ ಸಮುಚ್ಚಯವನ್ನು ಸರಕಾರ ತೆರೆಯಿತು. ಅಂಥದೊಂದು ನಮ್ಮಲ್ಲೂ ಆಗಲಿ, ಪೊಲೀಸರಿಗೂ ಯಾರು ಎಲ್ಲಿದ್ದಾರೆಂಬುದು ತಿಳಿದಿರುತ್ತದೆ ಎಂದೆ. “ನನ್ನ ಕೋಣೆಗಳು ಖಾಲಿ ಬಿದ್ದರೆ ಬ್ಯಾಂಕಿನ ಕಂತು ನೀನು ಕಟ್ಟುತ್ತೀಯಾ?” ಎಂದರು ಭಾವ. ಅಪರಿಚಿತರ ಭಯ ಅಷ್ಟು ಬೇಗ ಇಳಿದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಭಾವ ಇದನ್ನು ಓದುತ್ತಾರೆ, ಸಿಟ್ಟಾಗುತ್ತಾರೆ, ಅಕ್ಕನಿಂದ ಫೋನೂ ಬರುತ್ತದೆ. ಬರಲಿ. ಪೊಲೀಸರನ್ನು ಕರೆಯುವ ಮೊದಲು ಅವರು ತಮ್ಮ ಬಾಡಿಗೆಯವರ ಹೆಸರು ಬರೆದಿಟ್ಟುಕೊಳ್ಳಲಿ, ಕೈಗೆ ರಶೀದಿ ಕೊಡಲಿ, ಮಳೆಗಾಲ ಹಿಡಿಯುವ ಮುಂಚೆ ಇನ್ನೊಂದು ಕಕ್ಕಸು ಕಟ್ಟಿಸಲಿ.