ವಾಲ್ಡಾರ್ಫ್ ಶಾಲೆಯ ವಯಸ್ಸಿನ ಲೆಕ್ಕ

ಜರ್ಮನಿಯಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರಲ್ಲಿ, ಮಕ್ಕಳನ್ನು ಶಾಲೆಗೆ ಸೇರಿಸುವ ಹೊತ್ತಿಗೆ, ಸರ್ಕಾರಿ ವ್ಯವಸ್ಥೆಯ ಹೊರಗೆ ತಮ್ಮದೇ ಶಿಕ್ಷಣಕ್ರಮದಲ್ಲಿ ನಡೆಯುವ ವಾಲ್ಡಾರ್ಫ್ ಶಾಲೆಗಳ ಮಾತು ಬಂದೇ ಬರುತ್ತದೆ. 7 ವರ್ಷ ತುಂಬಿದರೂ ಸರಾಗವಾಗಿ ಓದಲು ಬಾರದ ಮಗುವಿನ ಬಗ್ಗೆ ಅಲ್ಲಿನ ಶಿಕ್ಷಕರು ಆತಂಕಪಡುವುದಿಲ್ಲ. ಎಳೆಯ ವಯಸ್ಸಿನಲ್ಲೇ ಅಕ್ಷರ ತಿದ್ದಿ, ಅಂಕ ಮತ್ತು ರ‍್ಯಾಂಕುಗಳ ನಡುವೆ ಬೆಳೆದ ನಮಗೆ ಅದು ಮೊದಲಿಗೆ ಉದಾಸೀನವಾಗಿಯೇ ತೋರುತ್ತದೆ.

ಆ ನಿಧಾನಕ್ಕೆ ಒಂದು ಹಿನ್ನೆಲೆಯಿದೆ. ಸ್ಟುಟ್‌ಗಾರ್ಟ್‌ನ ವಾಲ್ಡಾರ್ಫ್-ಆಸ್ಟೋರಿಯಾ ಸಿಗರೇಟು ಕಾರ್ಖಾನೆಯ ನಿರ್ದೇಶಕ ಎಮಿಲ್ ಮೋಲ್ಟ್ ತಮ್ಮ ಕಾರ್ಮಿಕರ ಮಕ್ಕಳಿಗೆಂದು 1919ರಲ್ಲಿ ಮೊದಲ ಶಾಲೆಯನ್ನು ಆರಂಭಿಸಿದಾಗ, ಅದರ ಶಿಕ್ಷಣಕ್ರಮವನ್ನು ರೂಪಿಸಿದವರು ಆಸ್ಟ್ರಿಯಾದ ಆಧ್ಯಾತ್ಮಿಕ ಚಿಂತಕ ರುಡಾಲ್ಫ್ ಸ್ಟೈನರ್. ಮೊದಲ 7 ವರ್ಷ ಮಗು ಅನುಕರಣೆಯಿಂದ ಕಲಿಯುತ್ತದೆ, 14ರವರೆಗೆ ಕಲ್ಪನೆ ಮತ್ತು ಭಾವನೆಗಳ ಮೂಲಕ ಕಲಿಯುತ್ತದೆ, ಸ್ವತಂತ್ರ ವಿವೇಚನೆ ಬಲಿಯುವುದು ಆಮೇಲೆ ಎಂಬುದು ಅವರ ನಿಲುವು.

ಈ ನಿಲುವಿನಿಂದ ಹುಟ್ಟಿದ ಪಾಠಕ್ರಮ ನನಗೆ ಬಹಳ ಮೆಚ್ಚುಗೆಯಾಗಿದೆ. ಪ್ರತಿದಿನ ಬೆಳಗ್ಗೆ ಸುಮಾರು 2 ಗಂಟೆ ಕಾಲ ಒಂದೇ ವಿಷಯವನ್ನು 3-4 ವಾರ ಬಿಡದೆ ಕಲಿಸುತ್ತಾರೆ; ಕಲಿತದ್ದನ್ನು ಮಕ್ಕಳೇ ಬರೆದು, ಚಿತ್ರ ಬಿಡಿಸಿ, ತಮ್ಮ ಪಠ್ಯಪುಸ್ತಕವನ್ನು ತಾವೇ ಸಿದ್ಧಪಡಿಸಿಕೊಳ್ಳುತ್ತಾರೆ. ಅಕ್ಷರಗಳು ಕಥೆಯಿಂದ, ಚಿತ್ರದಿಂದ ಮೂಡಿಬರುತ್ತವೆ. ಹುಡುಗ ಹುಡುಗಿಯರೆಂಬ ಭೇದವಿಲ್ಲದೆ ಎಲ್ಲರೂ ಹೆಣಿಗೆ ಕಲಿಯುತ್ತಾರೆ. ಹೆಣೆಯುವ ಮಗು ಎಣಿಸಲೇಬೇಕು, ತಪ್ಪಿದರೆ ಬಿಚ್ಚಿ ಮತ್ತೆ ಹೆಣೆಯಬೇಕು. ತಪ್ಪು ಎಲ್ಲಿ ಆಯಿತೆಂಬುದನ್ನು ಅದರ ಕೈಯೇ ಅದಕ್ಕೆ ತೋರಿಸಿಕೊಡುತ್ತದೆ. ನಾವು ಕಲಿತ ಪದ್ಧತಿಯಲ್ಲಿ ಕೈಗೆ ಬರೆಯುವುದನ್ನು ಬಿಟ್ಟು ಬೇರೆ ಕೆಲಸವೇ ಇರಲಿಲ್ಲ. ಇನ್ನು ಜರ್ಮನಿಯ ಹೆಚ್ಚಿನ ರಾಜ್ಯಗಳ ಸರ್ಕಾರಿ ವ್ಯವಸ್ಥೆ 4ನೆಯ ತರಗತಿ ಮುಗಿಯುತ್ತಲೇ ಮಕ್ಕಳನ್ನು ಬೇರೆಬೇರೆ ಬಗೆಯ ಶಾಲೆಗಳಿಗೆ ವಿಂಗಡಿಸುತ್ತದೆ. ವಾಲ್ಡಾರ್ಫ್ ಶಾಲೆ ಅವರನ್ನು 12ನೆಯ ತರಗತಿಯವರೆಗೂ ಒಟ್ಟಿಗೇ ಇರಿಸಿಕೊಳ್ಳುತ್ತದೆ. ಇದನ್ನು ನಾನು ಅದರ ಅತಿ ದೊಡ್ಡ ಗುಣವೆಂದು ಭಾವಿಸುತ್ತೇನೆ.

ನನ್ನ ತಕರಾರು ಇರುವುದು ವಯಸ್ಸಿನ ಲೆಕ್ಕದ ಬಗ್ಗೆ. ಏಳೇಳು ವರ್ಷಗಳ ಈ ವಿಭಜನೆ ಸ್ಟೈನರ್ ಅವರ ಆಧ್ಯಾತ್ಮಿಕ ದರ್ಶನದಿಂದ ಬಂದದ್ದು, ಪ್ರಯೋಗದಿಂದ ಸಾಬೀತಾದದ್ದಲ್ಲ. ಹಾಲುಹಲ್ಲು ಬೀಳುವುದನ್ನು ಓದಿಗೆ ಸಿದ್ಧವಾದ ಗುರುತೆಂದು ನಂಬಿ, 5ನೆಯ ವರ್ಷಕ್ಕೇ ತಾನಾಗಿ ಓದತೊಡಗಿದ ಮಗುವನ್ನು ಕಾಯಿಸುವುದು, ಇನ್ನೂ ಸಿದ್ಧವಾಗದ ಮಗುವಿನ ಕೈಗೆ ಬಳಪ ಕೊಟ್ಟು ಗದರಿಸುವಷ್ಟೇ ತಪ್ಪು. ಎರಡರಲ್ಲೂ ಎದುರಿಗಿರುವ ಮಗುವನ್ನು ನೋಡಿ ತೀರ್ಮಾನಿಸುವವರಿಲ್ಲ.

ಒಬ್ಬರೇ ತರಗತಿ ಶಿಕ್ಷಕರು 8 ವರ್ಷಗಳವರೆಗೂ ಮುಂದುವರಿಯುವ ಪದ್ಧತಿಯನ್ನೂ ಹೀಗೆಯೇ ತೂಗಿ ನೋಡಬೇಕು. ಮಗುವನ್ನು ಅಷ್ಟು ಕಾಲ ಬಲ್ಲವರು ಬರೆಯುವ ವಿವರವಾದ ವರದಿ ಅಂಕಪಟ್ಟಿಗಿಂತ ಎಷ್ಟೋ ಮಿಗಿಲು. ಆದರೆ ಆ ಶಿಕ್ಷಕರಿಗೂ ಮಗುವಿಗೂ ಹೊಂದಿಕೆಯಾಗದಿದ್ದರೆ ಏನು ಮಾಡುತ್ತೀರಿ ಎಂದು ತಂದೆತಾಯಿಯರು ಪ್ರವೇಶಕ್ಕೆ ಮೊದಲೇ ಶಾಲೆಯನ್ನು ಕೇಳಿ, ಸ್ಪಷ್ಟ ಉತ್ತರ ಪಡೆಯಬೇಕು.