ಒಂದು ಲಕ್ಷ ಲೂಮೆನ್, ಒಂದು ಬಡಪಾಯಿ ಸ್ವಿಚ್ಚು

ನಮ್ಮ ಕಾಸರಗೋಡಿನ ಬದಿಯಡ್ಕ ಪೇಟೆಗೆ ಈ ಮಳೆಗಾಲಕ್ಕೂ ಹೊಸ ಟಾರ್ಚು ಬಂದಿದೆ. ಡಬ್ಬಿಯ ಮೇಲೆ ಒಂದು ಲಕ್ಷ ಲೂಮೆನ್ ಅಂತ ಬರೆದಿದೆ. ಲೂಮೆನ್ ಅಂದರೆ ದೀಪ ಹೊರಚೆಲ್ಲುವ ಒಟ್ಟು ಬೆಳಕಿನ ಅಳತೆ. ಹೋದ ವರ್ಷ ಐವತ್ತು ಸಾವಿರ ಇತ್ತು. ಅಡಿಕೆ ರೇಟು ಹೀಗೆ ಏರಿದ್ದರೆ ನಾವೆಲ್ಲ ಹೆಲಿಕಾಪ್ಟರಿನಲ್ಲಿ ಕೂತು ತೋಟಕ್ಕೆ ಮದ್ದು ಬಿಡುತ್ತಿದ್ದೆವು.

ಸುಮ್ನೆ ಒಂದು ಲೆಕ್ಕ ಹಾಕಿ. ಎಲ್‌ಇಡಿ ಒಂದು ವಾಟಿಗೆ 200 ಲೂಮೆನ್ ಕೊಡುತ್ತದೆ ಅಂತ ಧಾರಾಳವಾಗಿಯೇ ಇಟ್ಟುಕೊಳ್ಳೋಣ. ಲಕ್ಷ ಲೂಮೆನ್ನಿಗೆ 500 ವಾಟ್ ಬೇಕು. ಅಡುಗೆಮನೆಯ ಮಿಕ್ಸಿಗೂ ಅಷ್ಟೇ ಸಾಕು. ಟಾರ್ಚಿನ ಹೊಟ್ಟೆಯಲ್ಲಿರುವುದು 18650 ಅನ್ನುವ ಒಂದೇ ಬ್ಯಾಟರಿ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಒಳ್ಳೆಯದ್ದಾದರೂ ಅದರಲ್ಲಿ ತುಂಬುವುದು 12-13 ವಾಟ್-ಅವರ್, ಅಂದರೆ 12-13 ವಾಟಿನ ದೀಪ ಒಂದು ಗಂಟೆ ಉರಿಯುವಷ್ಟು. ಡಬ್ಬಿಯ ಮಾತು ನಿಜವಾದರೆ ಒಂದೂವರೆ ನಿಮಿಷಕ್ಕೆ ಬ್ಯಾಟರಿ ಖಾಲಿ. ಅಷ್ಟರಲ್ಲಿ ಅಂಗೈ ಬೆಂದಿರುತ್ತದೆ, ಚಟ್ನಿಯಂತೂ ಆಗಿರುವುದಿಲ್ಲ.

ಎಲ್‌ಇಡಿಯನ್ನು ದೂರುತ್ತಿಲ್ಲ. ನೀಲಿ ಎಲ್‌ಇಡಿಗೆ 2014ರಲ್ಲಿ ಅಕಾಸಾಕಿ, ಅಮಾನೊ, ನಕಮುರ ನೊಬೆಲ್ ಪಡೆದದ್ದು ಸುಮ್ಮನೆ ಅಲ್ಲ. ಬಿಳಿ ಬೆಳಕಿನ ಎಲ್‌ಇಡಿ ಸಾಧ್ಯವಾದದ್ದೇ ಅದರಿಂದ; ಅಷ್ಟೇ ಕರೆಂಟಿಗೆ ಹಳೆಯ ಬಲ್ಬಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಬೆಳಕು ಸಿಕ್ಕಿತು. ಆದರೆ ಕಣ್ಣಿಗೆ ಒಪ್ಪುವ ಬಿಳಿ ಬೆಳಕು ವಾಟಿಗೆ 300-400 ಲೂಮೆನ್ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಅದರಾಚೆ ದಾರಿಯೇ ಇಲ್ಲ. ಪ್ರಕೃತಿಗೆ ಮಿತಿಯಿದೆ, ಡಬ್ಬಿ ಪ್ರಿಂಟ್ ಮಾಡುವವನಿಗೆ ಇಲ್ಲ.

ಇನ್ನು ಡಬ್ಬಿಯ ಮೇಲಿರುವ ‘ಒಂದು ಕಿಲೋಮೀಟರ್ ದೂರ’ದ ಕಥೆ. ಟಾರ್ಚುಗಳನ್ನು ಅಳೆಯುವ ಅಮೆರಿಕದ ಎಫ್‌ಎಲ್ 1 ಮಾನದಂಡದಲ್ಲಿ ದೂರ ಅಂದರೆ 0.25 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕು ಬೀಳುವ ಜಾಗ. ಹೆಚ್ಚುಕಡಿಮೆ ಹುಣ್ಣಿಮೆ ಬೆಳದಿಂಗಳು. ಒಂದು ಕಿಲೋಮೀಟರ್ ಆಚೆ ಬೆಳದಿಂಗಳು ಚೆಲ್ಲಿ ನಾವು ನೋಡುವುದಾದರೂ ಏನನ್ನು? ಪಕ್ಕದ ಊರಿನವರ ಬೇಲಿಯನ್ನು!

ನನಗೆ ತುಂಬಾ ಇಷ್ಟವಾದದ್ದು ಸ್ವಿಚ್ಚು. ಆರಿಸಲು ಒತ್ತಿದರೆ ಬೆಳಕು ಕಮ್ಮಿಯಾಗುತ್ತದೆ. ಮತ್ತೆ ಒತ್ತಿದರೆ ಡಿಸ್ಕೊ. ಇನ್ನೊಮ್ಮೆ ಒತ್ತಿದರೆ ಎಸ್‌ಒಎಸ್: ಮೂರು ಗಿಡ್ಡ, ಮೂರು ಉದ್ದ, ಮೂರು ಗಿಡ್ಡ. ಮುಳುಗುವ ಹಡಗಿನವರ ಮೊರೆ ಅದು. ಅಡಿಕೆ ತೋಟದ ನಡುವೆ ಅದನ್ನು ನೋಡಿ ಯಾರು ಓಡಿ ಬರಬೇಕು, ಕಾಡುಹಂದಿಗಳಾ? ಸೂಚನೆಯ ಕಾಗದ ಚೀನೀ ಭಾಷೆಯಲ್ಲಿದೆ. ಓದಲು ಬಾರದ ಮಲಯಾಳದ ಕಾಗದಕ್ಕೆ ಆಫೀಸುಗಳಲ್ಲಿ ಸಹಿ ಹಾಕಿ ಅಭ್ಯಾಸವಾದ ಕಾಸರಗೋಡಿನ ಕನ್ನಡಿಗರಿಗೆ ಅದೇನು ಮಹಾ, ಬಿಡಿ.

ತಮಾಷೆ ಸಾಕು. ರಾತ್ರಿ ಪಂಪ್ ಶೆಡ್ಡಿಗೆ ಹೋಗುವವನಿಗೆ ಕಾಲಬುಡದ ಕೊಳಕುಮಂಡಲ ಕಾಣಬೇಕು, ಅಷ್ಟೇ. 100 ಲೂಮೆನ್ ಬೇಕಾದಷ್ಟಾಯಿತು. ಒತ್ತಿದರೆ ಹೊತ್ತಬೇಕು, ಒತ್ತಿದರೆ ಆರಬೇಕು. ಒಳಗೆ ನೀರು ಹೋಗಬಾರದು. ಚಾರ್ಜಿನ ಪಿನ್ನು ನಡು ಮಳೆಗಾಲದ ಆಟಿ ತಿಂಗಳಿಗೆ ಮೊದಲೇ ಅಲ್ಲಾಡಬಾರದು. ಅದೊಂದನ್ನು ಯಾರೂ ಮಾಡುವುದಿಲ್ಲ. ರಿಪೇರಿಗೆ ಬಿಚ್ಚೋಣ ಅಂದರೆ ಅಂಟು ಹಾಕಿ ಮುಚ್ಚಿದ್ದಾರೆ. “ಇದೆಲ್ಲ ರಿಪೇರಿ ಆಗುವುದಿಲ್ಲ ಮಾಷ್ಟ್ರೇ, ಬಿಸಾಡಿ” ಅನ್ನುತ್ತಾನೆ ಅಂಗಡಿಯವನು. ವರ್ಷಗಟ್ಟಲೆ ಉರಿಯಬಲ್ಲ ದೀಪವನ್ನು ಒಂದು ಮಳೆಗಾಲವೂ ಬಾಳದ ಸ್ವಿಚ್ಚಿಗೆ ಕಟ್ಟಿ ಮಾರುತ್ತಾರಲ್ಲ, ಇವರಿಗೆ ನಾಚಿಕೆ ಅನ್ನುವುದು ಬೇಡವಾ?