ಬೆಂಕಿ ಆರಿಸಲು ಲಾಯಕ್ಕು, ನೌಕರಿಗೆ ನಾಲಾಯಕ್ಕು

2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಹೊತ್ತಿ ಉರಿದಾಗಿನ ವಿಡಿಯೋಗಳನ್ನು ನೀವೂ ನೋಡಿದ್ದೀರಿ. ಕಿತ್ತಳೆ ಬಣ್ಣದ ಬಟ್ಟೆ ತೊಟ್ಟು, ಗರಗಸ ಗುದ್ದಲಿ ಹೊತ್ತು, ಗುಡ್ಡದ ಮೇಲೆ ಸಾಲಾಗಿ ನಡೆದಿದ್ದರಲ್ಲ, ಅವರೇ. ಕ್ಯಾಲಿಫೋರ್ನಿಯಾದ ಕೈದಿಗಳು. ಪೊದೆ ಕಡಿದು, ಬೆಂಕಿ ದಾಟದಂತೆ ಬೆಂಕಿರೇಖೆ ಎಳೆಯುವುದು ಅವರ ಕೆಲಸ. ಆಗ ಅವರಿಗಿದ್ದ ಕೂಲಿ ದಿನಕ್ಕೆ 5.80ರಿಂದ 10.24 ಡಾಲರ್. ನಿಜವಾದ ಬೆಂಕಿ ಎದುರಿಗಿದ್ದರೆ ಗಂಟೆಗೆ ಇನ್ನೊಂದು ಡಾಲರ್ ಮೇಲೆ. ಜಗತ್ತೆಲ್ಲ 'ಹೀರೋಗಳು' ಎಂದಿತು. ನಾನೂ ಒಂದು ಕೆಂಪು ಹೃದಯ ಒತ್ತಿ ಕೈತೊಳೆದುಕೊಂಡೆ. ಹೃದಯಕ್ಕೆ ಖರ್ಚಿಲ್ಲ ನೋಡಿ.

ಅಸಲಿ ತಮಾಷೆ ಇರುವುದು ಬಿಡುಗಡೆ ಆದ ಮೇಲೆ. ಇಷ್ಟು ಬೆಂಕಿ ಆರಿಸಿದ್ದೇನೆ, ಫೈರ್ ಸ್ಟೇಷನ್‌ನಲ್ಲಿ ಕೆಲಸ ಕೊಡಿ ಅಂತ ಹೋದರೆ, ತುರ್ತು ಚಿಕಿತ್ಸೆಯ ಸರ್ಟಿಫಿಕೇಟು ತಾ ಅನ್ನುತ್ತಿದ್ದರು. ಅದನ್ನು ಕೇಳಲು ಹೋದರೆ, ಜೈಲಿಗೆ ಹೋದವರಿಗೆ ಕೊಡಲ್ಲ ಅನ್ನುತ್ತಿದ್ದರು. ಒಳಗಿದ್ದಾಗ ಬೆಂಕಿಗೆ ಆಗುತ್ತಿದ್ದ ಮನುಷ್ಯ ಹೊರಗೆ ಬಂದ ಕೂಡಲೇ ಬೆಂಕಿಗೂ ಬೇಡವಾದ. 2020ರಲ್ಲಿ ಇದಕ್ಕೊಂದು ಕಾನೂನು ತಂದರು. ಈಗ ಕೋರ್ಟಿಗೆ ಅರ್ಜಿ ಹಾಕಿ ಹಳೆಯ ದಾಖಲೆ ಅಳಿಸಿಕೊಡಿ ಎಂದು ಬೇಡಿಕೊಳ್ಳಬಹುದು. ಅದೂ ಎಲ್ಲ ಅಪರಾಧಗಳಿಗೆ ಇಲ್ಲ. ಅಂದರೆ ಬೆಂಕಿ ಆರಿಸುವ ಕೆಲಸಕ್ಕೆ ಮೊದಲು ಬೇಕಾಗಿದ್ದು ನೀರಲ್ಲ, ವಕೀಲರು.

ಇಂಥವರಿಗಾಗಿಯೇ ಒಂದು ಏರ್ಪಾಡಿದೆ. ಟ್ರಾನ್ಸಿಷನಲ್ ಜಾಬ್ ಅಂತ ಹೆಸರು. ಜೈಲಿನಿಂದ ಬಂದವರು, ಮನೆಯಿಲ್ಲದವರು, ಕುಡಿತ ಬಿಟ್ಟವರು, ಮಾನಸಿಕ ಕಾಯಿಲೆಯಿಂದ ಎದ್ದವರು, ಇವರಿಗೆ ಕೆಲವು ತಿಂಗಳ ಸಂಬಳದ ಕೆಲಸ ಕೊಟ್ಟು 'ನಿಜವಾದ' ಕೆಲಸಕ್ಕೆ ದಾಟಿಸುವುದು. ಒಳ್ಳೆಯ ಯೋಚನೆ. ನಾನು ವ್ಯಂಗ್ಯ ಮಾಡುತ್ತಿಲ್ಲ, ಇನ್ನೂ ಶುರು ಮಾಡಿಲ್ಲ.

ನಮ್ಮಲ್ಲಿ ಒಂದು ಗಾದೆ ಇದೆ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ಇದನ್ನು ಹಳ್ಳಿಯ ಅಜ್ಜಿಯರು ಹೇಳಿದ್ದು ಅಂದುಕೊಂಡಿದ್ದೆ. ಇಲ್ಲ, ಯಾವುದೋ ಉದ್ಯೋಗ ಇಲಾಖೆಯ ಸುತ್ತೋಲೆ ಇರಬೇಕು. ಕೆಲಸ ಬೇಕಾದರೆ ಅನುಭವ ಬೇಕು. ಅನುಭವ ಬೇಕಾದರೆ ಕೆಲಸ ಬೇಕು. ನಡುವೆ ಸಿಕ್ಕಿಬಿದ್ದವನಿಗೆ 'ಉದ್ಯೋಗ ಸಿದ್ಧತೆ' ಎಂಬ ತರಗತಿ.

ಈ ತರಗತಿಗಳ ಬಗ್ಗೆ ಸ್ವಲ್ಪ ಹೇಳಲೇಬೇಕು. ಕೈ ಕುಲುಕುವುದು ಹೇಗೆ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು ಹೇಗೆ. ಅಲಾರಾಂ ಇಡುವುದು ಹೇಗೆ. ಹದಿನೈದು ವರ್ಷ ಬೆಳಗಿನ ಸೈರನ್ನಿಗೆ ಎದ್ದು ಸಾಲಿನಲ್ಲಿ ನಿಂತವನಿಗೆ ಸಮಯಪಾಲನೆಯ ಪಾಠ! ಬೀದಿಯಲ್ಲಿ ಮಲಗಿ ಬದುಕಿ ಉಳಿದವಳಿಗೆ 'ಒತ್ತಡ ನಿಭಾಯಿಸುವ ಕಲೆ'! ಹೇಳಿಕೊಡುವವರು ಮಾತ್ರ ಕಾಫಿ ಮುಗಿಸಿ ಇಪ್ಪತ್ತು ನಿಮಿಷ ತಡವಾಗಿ ಬರುತ್ತಾರೆ. ಆಮೇಲೆ ಅರ್ಜಿಯಲ್ಲಿನ ಖಾಲಿ ವರ್ಷಗಳ ವಿಷಯ. ಅವುಗಳನ್ನು 'ಸಕಾರಾತ್ಮಕವಾಗಿ' ತುಂಬಬೇಕಂತೆ. ಏನಂತ ತುಂಬುವುದು? 'ಸರ್ಕಾರಿ ವಸತಿ ಯೋಜನೆಯಲ್ಲಿ ದೀರ್ಘಕಾಲದ ಅನುಭವ' ಅಂತಲೇ? ಕೊನೆಗೆ ಸರ್ಟಿಫಿಕೇಟು. ಫೋಟೋ. ಫೋಟೋದಲ್ಲಿ ಸರ್ಟಿಫಿಕೇಟು ಕೊಟ್ಟವರ ನಗು ಯಾವಾಗಲೂ ಪಡೆದವರ ನಗುವಿಗಿಂತ ಜಾಸ್ತಿ ಅಗಲ.

ಸರಿ, ನ್ಯಾಯವಾಗಿ ಮಾತಾಡೋಣ. ನ್ಯೂಯಾರ್ಕಿನ ಸೆಂಟರ್ ಫಾರ್ ಎಂಪ್ಲಾಯ್‌ಮೆಂಟ್ ಆಪರ್ಚುನಿಟೀಸ್ ಎಂಬ ಸಂಸ್ಥೆ ಬಿಡುಗಡೆಯಾದವರಿಗೆ ಬೇಗ ಕೆಲಸ ಕೊಟ್ಟು, ಅವತ್ತಿನ ಕೂಲಿ ಅವತ್ತೇ ಕೈಗೆ ಕೊಡುತ್ತಿತ್ತು. ಸಂಶೋಧಕರು ಅದನ್ನು ವರ್ಷಗಟ್ಟಲೆ ಅಳೆದರು. ಕಂಡುಕೊಂಡದ್ದೇನು? ಆ ಕೆಲಸ ಇದ್ದಷ್ಟು ದಿನ ಜನಕ್ಕೆ ಕೆಲಸ ಇತ್ತು, ಅದು ಮುಗಿದ ಮೇಲೆ ಆ ಲಾಭವೂ ಹೆಚ್ಚುಕಡಿಮೆ ಕರಗಿತು. ಇದನ್ನು ನಮ್ಮ ಓಣಿಯ ಮಕ್ಕಳೂ ಹೇಳುತ್ತಿದ್ದವು. ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ಸಾಲಿತ್ತು. ಬಿಡುಗಡೆಯಾದ ಮೂರು ತಿಂಗಳೊಳಗೆ ಸೇರಿದವರಲ್ಲಿ ಮತ್ತೆ ಜೈಲಿಗೆ ಹೋಗುವುದು ಕಡಿಮೆಯಾಗಿತ್ತು. ಕೆಲಸ ಕೊಟ್ಟರೆ ಮನುಷ್ಯ ಕೆಡುವುದು ಕಡಿಮೆ. ಎಂಥ ಆಶ್ಚರ್ಯ ಅಲ್ವಾ?

ನನಗೆ ಬಹಳ ಇಷ್ಟವಾದದ್ದು ಅದೇ ನ್ಯೂಯಾರ್ಕಿನ ಫೌಂಟನ್ ಹೌಸ್. ಮಾನಸಿಕ ಆಸ್ಪತ್ರೆಯಿಂದ ಹೊರಬಂದವರೇ ಸೇರಿ 1948ರಲ್ಲಿ ಕಟ್ಟಿಕೊಂಡ ಕ್ಲಬ್ಬು. ಅಲ್ಲಿಂದ ಹುಟ್ಟಿದ ಕ್ಲಬ್‌ಹೌಸ್ ಪದ್ಧತಿಯಲ್ಲಿ ಆರರಿಂದ ಒಂಬತ್ತು ತಿಂಗಳ ಅರೆಕಾಲಿಕ ಕೆಲಸ, ಸಂಬಳ ಕಂಪನಿಯದ್ದೇ. ಸದಸ್ಯರು ಒಂದು ದಿನ ಏಳಲಾಗದಿದ್ದರೆ ಕ್ಲಬ್ಬಿನವರು ಹೋಗಿ ಆ ಕೆಲಸ ಮಾಡಿ ಬರುತ್ತಾರೆ. ಒಂದು ಕೆಲಸ ಕೈಕೊಟ್ಟರೂ ಇನ್ನೊಂದಕ್ಕೆ ಕಳಿಸುತ್ತಾರೆ. ನಾನು ಮಲಗಿದ ದಿನ ಯಾರಾದರೂ ಬಂದು ಈ ಅಂಕಣ ಬರೆದುಕೊಡುವುದಾದರೆ ಇವತ್ತೇ ಸದಸ್ಯತ್ವ ತಗೊಳ್ಳುತ್ತೇನೆ. ಸಂಪಾದಕರೂ ಖುಷಿಪಟ್ಟಾರು.

ಮುಂದೆ 1990ರ ದಶಕದಲ್ಲಿ ಕೆಲವರು ಗಾದೆಯನ್ನೇ ತಲೆಕೆಳಗು ಮಾಡಿದರು. ಮೊದಲು ಹುಷಾರಾಗು, ಆಮೇಲೆ ಕೆಲಸ ಅನ್ನುವುದನ್ನು ಬಿಟ್ಟು, ಕೆಲಸ ಬೇಕು ಅಂದವರಿಗೆ ನೇರವಾಗಿ ಹೊರಗಿನ ಕೆಲಸ ಹುಡುಕಿಕೊಟ್ಟು, ಜೊತೆಗೆ ನಿಂತು ಕಲಿಸಿದರು. ಎಷ್ಟೋ ಪ್ರಯೋಗಗಳಲ್ಲಿ ಇದೇ ಗೆದ್ದಿತು. ಮದುವೆ ಮಾಡಿಸಿದರು, ಸಂಸಾರ ಸಾಗಿತು. ಆದರೂ ತರಗತಿಗಳು ನಿಂತಿಲ್ಲ. ಕುರ್ಚಿಗಳು ಬಾಡಿಗೆಗೆ ಬಂದಾಗಿರುತ್ತವೆ ನೋಡಿ.

ಇನ್ನು ನಗು ಬರುತ್ತಿಲ್ಲ. ಡೇವಾ ಪೇಜರ್ ಎಂಬ ಸಮಾಜಶಾಸ್ತ್ರಜ್ಞೆ ಅಮೆರಿಕದ ಮಿಲ್ವಾಕಿ ನಗರದಲ್ಲಿ ಓದಿದ ಹುಡುಗರನ್ನು ಒಂದೇ ತರಹದ ಅರ್ಜಿ ಕೊಟ್ಟು, ಕೆಲವು ಅರ್ಜಿಗೆ ಮಾತ್ರ ಜೈಲಿನ ಸುಳ್ಳು ದಾಖಲೆ ಅಂಟಿಸಿ, ಕೆಲಸ ಕೇಳಲು ಕಳಿಸಿದರು. ಫಲಿತಾಂಶ ಬಂದದ್ದು 2003ರಲ್ಲಿ. ಜೈಲಿನ ದಾಖಲೆ ಇಲ್ಲದ ಬಿಳಿಯರ ನೂರು ಅರ್ಜಿಗೆ 34 ಕರೆ ಬಂತು. ದಾಖಲೆ ಇರುವ ಬಿಳಿಯರಿಗೆ 17. ದಾಖಲೆಯೇ ಇಲ್ಲದ ಕಪ್ಪು ಹುಡುಗರಿಗೆ 14. ದಾಖಲೆ ಇರುವ ಕಪ್ಪು ಹುಡುಗರಿಗೆ 5. ಇನ್ನೊಮ್ಮೆ ಓದಿ. ತಪ್ಪೇ ಮಾಡದ ಕಪ್ಪು ಹುಡುಗನಿಗಿಂತ ಜೈಲಿಂದ ಬಂದ ಬಿಳಿಯ ವಾಸಿ ಅನ್ನಿಸಿತು ಕೆಲಸ ಕೊಡುವವರಿಗೆ. ಈ ಹುಡುಗನಿಗೆ ಯಾವ ಕೈಕುಲುಕುವ ತರಗತಿ ಹೇಳುತ್ತೀರಿ? ಎಷ್ಟು ವಾರದ್ದು? ಸಾಕಾಗಿ ಹೋಗಿದೆ.

'ನಿಮಗೆ ಶಿಕ್ಷೆಯಾಗಿದೆಯೇ' ಎಂಬ ಚೌಕವನ್ನೇ ಅರ್ಜಿಯಿಂದ ತೆಗೆಸಿ ಎಂದು ಹಲವು ಕಡೆ ಕಾನೂನು ಬಂತು. ತೆಗೆದರು. ಆಮೇಲೆ ನ್ಯೂಜೆರ್ಸಿ, ನ್ಯೂಯಾರ್ಕಿನಲ್ಲಿ ಸುಮಾರು 15,000 ನಕಲಿ ಅರ್ಜಿ ಹಾಕಿ ನೋಡಿದರೆ, ಮೊದಲು ಬಿಳಿಯರಿಗೆ ಶೇ 7ರಷ್ಟು ಹೆಚ್ಚು ಕರೆ ಬರುತ್ತಿದ್ದ ಕಡೆ ಈಗ ಶೇ 43ರಷ್ಟು ಹೆಚ್ಚು. ಕೇಳುವಂತಿಲ್ಲ ಅಂದಮೇಲೆ ಹೆಸರು ನೋಡಿ ಕಪ್ಪೋ ಬಿಳಿಯೋ ಎಂದು ಊಹಿಸಿಕೊಂಡರು. ನಾಳೆ ಹೆಸರು ಮುಚ್ಚಿದರೆ ವಿಳಾಸ ನೋಡುತ್ತಾರೆ. ವಿಳಾಸ ಅಳಿಸಿದರೆ ಖಾಲಿ ವರ್ಷ ಎಣಿಸುತ್ತಾರೆ. ಕೊನೆಗೆ ಬರೀ ಬಿಳಿ ಹಾಳೆ ಕೊಟ್ಟರೆ, ತಿರುವಿ ನೋಡಿ, "ಅನುಭವ ಏನೂ ಕಾಣ್ತಾ ಇಲ್ವಲ್ಲ" ಅನ್ನುತ್ತಾರೆ.